ನಮಗೂ ಮೂರು ಗಂಟೆ ಕೂರಲು ಬರುತ್ತದೆ: ಒಪೇರಾ ರಂಗಮಂದಿರಗಳ ನಿರ್ದೇಶಕರಿಗೆ ಬಹಿರಂಗ ಪತ್ರ

ಒಪೇರಾ ರಂಗಮಂದಿರಗಳ ನಿರ್ದೇಶಕರಿಗೆ, ಆಡಳಿತ ಮಂಡಳಿಗಳ ಸದಸ್ಯರಿಗೆ ಹಾಗೂ ಪ್ರಚಾರ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ಹೋದ ತಿಂಗಳು ನಿಮ್ಮಂಥದೇ ಒಂದು ರಂಗಮಂದಿರದಲ್ಲಿ ಪ್ರದರ್ಶನ ಮುಗಿದು ಮೆಟ್ಟಿಲಿಳಿಯುತ್ತಿದ್ದಾಗ ಸಿಬ್ಬಂದಿಯೊಬ್ಬರು ನನ್ನ ಕೈಗೆ ಒಂದು ಪ್ರಶ್ನಾವಳಿ ಕೊಟ್ಟರು. ಮೊದಲೆರಡು ಪ್ರಶ್ನೆಗಳು ವಯಸ್ಸು ಮತ್ತು ಉದ್ಯೋಗಕ್ಕೆ ಸಂಬಂಧಿಸಿದ್ದವು. ಮೂರನೆಯದು ಹೀಗಿತ್ತು: ‘ಯುವಜನರು ಒಪೇರಾಕ್ಕೆ ಏಕೆ ಬರುವುದಿಲ್ಲ?’ ನನಗೆ 26 ವರ್ಷ. ಆ ಸಂಜೆ ನಾನು ಬಂದಿದ್ದೆ. ನನ್ನ ಹಿಂದಿನ ಸಾಲಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಐದಾರು ಮಂದಿ ಬಂದಿದ್ದರು. ಅವರ ಕೈಯಲ್ಲೂ ಅದೇ ಹಾಳೆ ಇತ್ತು. ಬಾರದವರ ತಪ್ಪಿಗೆ ಬಂದವರನ್ನು ನಿಲ್ಲಿಸಿ ವಿಚಾರಿಸುವ ಈ ಪದ್ಧತಿ ನಮಗೆಲ್ಲ ಅಲ್ಲೇ ನಗು ತರಿಸಿತು. ನಗು ಮನೆ ಸೇರುವ ಹೊತ್ತಿಗೆ ಸಿಟ್ಟಾಯಿತು. ಆ ಹಾಳೆಯಲ್ಲಿ ಉತ್ತರಕ್ಕೆಂದು ಬಿಟ್ಟಿದ್ದ ಜಾಗ ಎರಡೇ ಸಾಲು. ಆದ್ದರಿಂದ ಈ ಪತ್ರ.

ನನ್ನ ದೂರನ್ನು ಮೊದಲೇ ಹೇಳಿಬಿಡುತ್ತೇನೆ. ನಮಗೆ ಒಪೇರಾ ಬೇಡವೆಂದು ನೀವೇ ತೀರ್ಮಾನಿಸಿಕೊಂಡಿದ್ದೀರಿ. ಆ ತೀರ್ಮಾನದ ಮೇಲೆ, ಒಪೇರಾದಿಂದ ಒಪೇರಾವನ್ನೇ ತೆಗೆದುಹಾಕಿ ಉಳಿದದ್ದನ್ನು ನಮ್ಮ ಮುಂದಿಡುತ್ತಿದ್ದೀರಿ. ಅದನ್ನು ನಾವು ಒಲ್ಲೆವೆಂದಾಗ, ನೋಡಿ, ಈ ಪೀಳಿಗೆಗೆ ತಾಳ್ಮೆಯಿಲ್ಲ ಎನ್ನುತ್ತೀರಿ. ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆಯನ್ನು ಹಿರಿಯರ ಮುಂದೆ ಆಡುವುದು ಸಭ್ಯತೆಯಲ್ಲವೆಂದು ಬಲ್ಲೆ. ಆದರೂ ಬೇರೆ ಗಾದೆ ಹೊಳೆಯುತ್ತಿಲ್ಲ.

ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ಒಂದು ‘ಯುವ ಸಂಜೆ’ಗೆ ಹೋಗಿದ್ದೆ. ಭಿತ್ತಿಪತ್ರದಲ್ಲಿ ಗಾಯಕಿಯೊಬ್ಬಳು ಹರಿದ ಜೀನ್ಸ್ ತೊಟ್ಟು ಕಪ್ಪು ಕನ್ನಡಕ ಹಾಕಿಕೊಂಡಿದ್ದಳು. ಒಳಗೆ ಬಣ್ಣದ ದೀಪಗಳು, ಮೂಲೆಯಲ್ಲಿ ಡಿಜೆ. ನಿರೂಪಕರು ವೇದಿಕೆಗೆ ಬಂದು ಆಡಿದ ಮೊದಲ ಮಾತು, ‘ಹೆದರಬೇಡಿ, ಇದು ಉದ್ದವಿಲ್ಲ.’ ನಾವು ಯಾರೂ ಹೆದರಿರಲಿಲ್ಲ. ಮುಂದಿನ ನಲವತ್ತು ನಿಮಿಷಗಳಲ್ಲಿ ಏಳು ಆರಿಯಾಗಳ, ಅಂದರೆ ಪಾತ್ರವೊಂದು ಒಂಟಿಯಾಗಿ ಹಾಡುವ ಹಾಡುಗಳ, ತುಣುಕುಗಳು ಬಂದುಹೋದವು. ಯಾರು ಯಾರಿಗಾಗಿ ಅಳುತ್ತಿದ್ದಾರೆ, ಯಾರು ಯಾರನ್ನು ಶಪಿಸುತ್ತಿದ್ದಾರೆ ಎಂಬುದು ಯಾರಿಗೂ ತಿಳಿಯಲಿಲ್ಲ. ಕಥೆಯಿಂದ ಕಿತ್ತು ತಂದ ಕಣ್ಣೀರು ಬರೀ ಗಂಟಲಿನ ಕಸರತ್ತಿನಂತೆ ಕೇಳಿಸುತ್ತದೆ. ಪಕ್ಕದಲ್ಲಿದ್ದ ನನ್ನ ಗೆಳತಿ ಅದುವರೆಗೆ ಒಂದೂ ಒಪೇರಾ ನೋಡಿದವಳಲ್ಲ. ಹೊರಗೆ ಬಂದಮೇಲೆ ಅವಳು ಹೇಳಿದ್ದು ಇಷ್ಟು: ‘ಇದಕ್ಕೇನಾ ನೀನು ಇಷ್ಟು ಹುಚ್ಚಾಗಿರುವುದು?’

ಇಷ್ಟಾಗಿದ್ದರೆ ಕ್ಷಮಿಸಬಹುದಿತ್ತು. ಆದರೆ ಆ ಸಂಜೆ ಗಾಯಕರಿಗೆ ಮೈಕ್ ಕೊಟ್ಟಿದ್ದರು. ಡಿಜೆಯ ಸದ್ದಿನ ನಡುವೆ ಕೇಳಿಸಬೇಕಲ್ಲ!

ಇದು ನನಗೆ ಎಷ್ಟು ದೊಡ್ಡ ಅನ್ಯಾಯವಾಗಿ ಕಂಡಿತೆಂದು ವಿವರಿಸಬೇಕು, ಏಕೆಂದರೆ ನೀವು ದಿನವೂ ಕೇಳುವವರು, ಅದು ಎಂಥ ಸೋಜಿಗ ಎಂಬುದು ನಿಮಗೆ ಮರೆತುಹೋಗಿರಬಹುದು. ನಮ್ಮ ಪೀಳಿಗೆ ಹುಟ್ಟಿದಾಗಿನಿಂದ ಕೇಳಿದ ಹಾಡೆಲ್ಲ ಯಾವುದೋ ಸ್ಪೀಕರಿನಿಂದ ಬಂದದ್ದು. ಕಿವಿಯೊಳಗೆ ಸಿಕ್ಕಿಸಿಕೊಂಡ ಪುಟ್ಟ ಗುಂಡಿಯಿಂದ, ಮೊಬೈಲಿನಿಂದ, ಕ್ರೀಡಾಂಗಣದ ಧ್ವನಿಗೋಪುರಗಳಿಂದ. ನಡುವೆ ಯಂತ್ರವಿಲ್ಲದ ಮನುಷ್ಯರ ದನಿಯೊಂದು ಎಂಬತ್ತು ವಾದ್ಯಗಳ ಮೇಲೆ ಹಾದು ಮೂರನೆಯ ಬಾಲ್ಕನಿಯ ಕೊನೆಯ ಆಸನಕ್ಕೆ ಬಂದು ಮುಟ್ಟುವುದನ್ನು ನಾನು ಮೊದಲು ಅನುಭವಿಸಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಮೈಯಲ್ಲಿ ಏನೋ ಆಯಿತು. ಧ್ವನಿವರ್ಧಕ ಎಲ್ಲಿದೆಯೆಂದು ತಿರುಗಿ ತಿರುಗಿ ನೋಡಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೇರಾದಲ್ಲಿ ಸುಮಾರು 3,800 ಆಸನಗಳಿವೆ; ಅಲ್ಲಿಯೂ ಗಾಯಕರು ಹಾಡುವುದು ಮೈಕ್ ಇಲ್ಲದೆಯೇ.

ಇದು ಹೇಗೆ ಸಾಧ್ಯವೆಂದು ಹುಡುಕಿಕೊಂಡು ಹೋದಾಗ ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬೆರಿ 1970ರ ದಶಕದಲ್ಲಿ ಮಾಡಿದ ಕೆಲಸ ಕಣ್ಣಿಗೆ ಬಿತ್ತು. ದೊಡ್ಡ ವಾದ್ಯವೃಂದದ ಸದ್ದಿನ ಬಲವೆಲ್ಲ ಸುಮಾರು 500 ಹರ್ಟ್ಸ್‌ನ (ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳ) ಆಸುಪಾಸಿನಲ್ಲಿ ದಟ್ಟವಾಗಿರುತ್ತದೆ, ಮೇಲೇರಿದಂತೆ ತೆಳುವಾಗುತ್ತದೆ. ಪಳಗಿದ ಒಪೇರಾ ಗಾಯಕರು, ಅದರಲ್ಲೂ ಗಂಡಸರು, ತಮ್ಮ ಗಂಟಲಿನ ಒಳಗಿನ ಜಾಗವನ್ನು ಹೊಂದಿಸಿಕೊಂಡು ಸುಮಾರು 3,000 ಹರ್ಟ್ಸ್‌ನಲ್ಲಿ ದನಿಗೆ ಒಂದು ವಿಶೇಷ ಹೊಳಪು ತಂದುಕೊಳ್ಳುತ್ತಾರೆ. ವಾದ್ಯಗಳ ಸದ್ದು ಕ್ಷೀಣಿಸಿದ ಕಡೆಯೇ ದನಿ ನುಸುಳುತ್ತದೆ, ಮನುಷ್ಯರ ಕಿವಿ ಅತಿ ಸೂಕ್ಷ್ಮವಾಗಿರುವುದೂ ಅಲ್ಲಿಯೇ. ಎತ್ತರದ ಸ್ವರಗಳಲ್ಲಿ ಸೊಪ್ರಾನೊಗಳದು, ಅಂದರೆ ಅತಿ ಎತ್ತರದ ದನಿಯ ಗಾಯಕಿಯರದು, ಬೇರೆ ಉಪಾಯ: ಬಾಯಿ ತೆರೆಯುವ ಅಳತೆಯನ್ನೇ ಸ್ವರಕ್ಕೆ ತಕ್ಕಂತೆ ಬದಲಿಸುತ್ತಾರೆ. ಅಂದರೆ ಅರಚುವುದಲ್ಲ, ಸಂದಿ ಹುಡುಕುವುದು. ವರ್ಷಗಟ್ಟಲೆ ಸಾಧನೆ ಮಾಡಿ ದೇಹವನ್ನೇ ವಾದ್ಯವಾಗಿಸಿಕೊಂಡವರ ಬಾಯಿಗೆ ಮೈಕ್ ಹಿಡಿದು ‘ಇದು ಯುವಜನರಿಗಾಗಿ’ ಎನ್ನುವುದು ಈಜುಗಾರನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಈಜು ತೋರಿಸಿದೆವು ಎಂದಂತೆ.

ನಮಗೆ ಬೇರೆಲ್ಲೂ ಸಿಗದಿದ್ದದ್ದು ಅದೊಂದೇ ಇತ್ತು. ಅದನ್ನೇ ಮೊದಲು ತೆಗೆದಿರಿ.

ಇನ್ನು ಉದ್ದದ ಮಾತು. ಮೂರು ಗಂಟೆಯ ಪ್ರದರ್ಶನವನ್ನು ಯುವಜನರು ಸಹಿಸಲಾರರು ಎಂಬುದು ನಿಮ್ಮ ಸಭೆಗಳಲ್ಲಿ ಚರ್ಚೆಯಿಲ್ಲದೆ ಒಪ್ಪಿಕೊಂಡ ಸತ್ಯವಾಗಿದೆ. ನಮ್ಮ ಪೀಳಿಗೆಯ ಬಗ್ಗೆಯೂ ಒಂದು ಮಾತು ಒಪ್ಪಿಕೊಳ್ಳಬೇಕು: ಒಂದೇ ರಾತ್ರಿಯಲ್ಲಿ ಧಾರಾವಾಹಿಯ ಎಂಟು ಕಂತು ನೋಡಿ ಮುಗಿಸಿ, ಬೆಳಿಗ್ಗೆ ‘ಒಪೇರಾ ಬಹಳ ಉದ್ದ’ ಎನ್ನುವವರು ನನ್ನ ಗೆಳೆಯರಲ್ಲೂ ಇದ್ದಾರೆ. ಒಂದೂ ಪ್ರದರ್ಶನ ನೋಡದೆ, ಕೊಂಬಿನ ಶಿರಸ್ತ್ರಾಣ ತೊಟ್ಟ ದಪ್ಪ ಹೆಂಗಸು ಕಿರುಚುವ ಚಿತ್ರವನ್ನೇ ಒಪೇರಾ ಎಂದು ನಂಬಿ ಅಣಕಿಸುವವರೂ ಇದ್ದಾರೆ. (ಆ ಕೊಂಬುಗಳು 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಸಂಯೋಜಕ ವಾಗ್ನರನ ‘ರಿಂಗ್’ ಒಪೇರಾ ಸರಣಿ ಮೊದಲ ಬಾರಿ ಇಡಿಯಾಗಿ ರಂಗವೇರಿದಾಗ ಕಾರ್ಲ್ ಎಮಿಲ್ ಡೋಪ್ಲರ್ ಮಾಡಿಕೊಟ್ಟ ವೇಷಭೂಷಣಗಳ ಉಡುಗೊರೆ. ಒಬ್ಬ ವಸ್ತ್ರವಿನ್ಯಾಸಕನ ಕಲ್ಪನೆ ಒಂದು ಕಲೆಯ ತಲೆಗೇ ಖಾಯಂ ಆಗಿ ಅಂಟಿಕೊಂಡದ್ದು ಒಂದು ತಮಾಷೆಯೇ ಸರಿ.) ಅವರ ಉಡಾಫೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಎಂಟು ಕಂತು ನೋಡುವವರಿಗೆ ಕೂರಲು ಬರುತ್ತದೆ ಎಂಬುದಂತೂ ಅದರಿಂದಲೇ ಸಾಬೀತಾಯಿತಲ್ಲ?

ಚೀನಾದ ಕುನ್‌ಚು ಒಪೇರಾದ ಉದಾಹರಣೆ ನೋಡಿ. ಅಲ್ಲಿಯೂ ಇದೇ ಅಳಲಿತ್ತು: ಕಲೆ ಹಳತು, ಪ್ರೇಕ್ಷಕರು ಮುದುಕರು, ಲಯ ನಿಧಾನ. ಹಿಂದಿನ ಕಾಲದ ನಾಟಕಕಾರ ಟಾಂಗ್ ಶಿಯೆನ್‌ಜು ಬರೆದ ‘ಪಿಯೊನಿ ಪೆವಿಲಿಯನ್’ ನಾಟಕದ ‘ಯುವ ಆವೃತ್ತಿ’ಯನ್ನು ಲೇಖಕ ಪಾಯ್ ಶಿಯೆನ್‌ಯುಂಗ್ 2004ರಲ್ಲಿ ತೈವಾನಿನ ತೈಪೆಯಲ್ಲಿ ಮೊದಲು ರಂಗಕ್ಕೆ ತಂದರು. ಯುವ ಆವೃತ್ತಿ ಎಂದರೆ ನಲವತ್ತು ನಿಮಿಷದ್ದಲ್ಲ. ಮೂರು ಸಂಜೆ, ಒಟ್ಟು ಸುಮಾರು ಒಂಬತ್ತು ಗಂಟೆ. ಯುವ ಎಂಬ ಮಾತು ಸಂದದ್ದು ಕಲಾವಿದರ ವಯಸ್ಸಿಗೆ: ನಾಯಕಿಗೆ ಕಥೆಯಲ್ಲಿ ಹದಿನಾರು, ಆದ್ದರಿಂದ ಹಿರಿಯ ಗುರುಗಳು ತಮ್ಮ ಪಾತ್ರಗಳನ್ನು ಎಳೆಯ ಕಲಾವಿದರಿಗೆ ಧಾರೆಯೆರೆದರು. ಆಮೇಲೆ ತಂಡ ನೇರವಾಗಿ ವಿಶ್ವವಿದ್ಯಾಲಯಗಳಿಗೆ ಹೋಯಿತು. ಸಭಾಂಗಣಗಳು ತುಂಬಿದವು. ನಮ್ಮನ್ನು ಮಕ್ಕಳಂತೆ ನೋಡದೆ ಇಡೀ ಕೃತಿಯನ್ನು ಮುಂದಿಟ್ಟ ಧೈರ್ಯ ಅದು.

ಈ ಧೈರ್ಯ ಯುರೋಪಿಗೂ ಹೊಸದಲ್ಲ. ಇಂಗ್ಲಿಷ್ ಸಂಯೋಜಕ ಪರ್ಸೆಲ್‌ನ ಒಪೇರಾ ‘ಡೈಡೊ ಅಂಡ್ ಈನಿಯಸ್’ 1680ರ ದಶಕದ ಕೊನೆಯ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿದ್ದ ಹುಡುಗಿಯರ ವಸತಿ ಶಾಲೆಯೊಂದರಲ್ಲಿ ನಡೆಯಿತು. ಶಾಲಾ ಹುಡುಗಿಯರೇ ಅದನ್ನು ಆಡಿ ತೋರಿಸಿದರು. ರಷ್ಯಾದ ಸಂಯೋಜಕ ಚೈಕೊವ್‌ಸ್ಕಿ ತನ್ನ ‘ಯೆವ್ಗೆನಿ ಒನೇಗಿನ್’ ಮುಗಿಸಿದಾಗ ಅದನ್ನು ಸಾಮ್ರಾಜ್ಯದ ದೊಡ್ಡ ರಂಗಮಂದಿರಗಳ ಕೈಗೆ ಕೊಡಲು ಹಿಂಜರಿದ. ಅಲ್ಲಿನ ಜಡ್ಡುಗಟ್ಟಿದ ರೂಢಿಗಳು, ವಯಸ್ಸಾದ ತಾರೆಯರು ತನ್ನ ನಾಯಕಿ ತತ್ಯಾನಾಳನ್ನು ಕೊಂದುಬಿಡುತ್ತಾರೆಂಬ ಭಯ ಅವನಿಗೆ. 1879ರ ಮಾರ್ಚಿನಲ್ಲಿ ಆ ಕೃತಿಯನ್ನು ಮೊದಲು ಹಾಡಿದವರು ಮಾಸ್ಕೋ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ವಿದ್ಯಾರ್ಥಿಗಳು. ಇಂದು ಅದೇ ಕೃತಿಯನ್ನು ಮುಂದಿಟ್ಟುಕೊಂಡು, ವಿದ್ಯಾರ್ಥಿಗಳಿಗೆ ಇದು ಅರ್ಥವಾದೀತೇ ಎಂದು ನೀವು ಸಮಿತಿ ರಚಿಸುತ್ತೀರಿ.

ಆ ಕೃತಿಯ ಬಗ್ಗೆ ನನ್ನ ಬಳಿ ಒಂದು ಸಾಕ್ಷ್ಯವಿದೆ. ಒಮ್ಮೆ ಅದರ ಅಂತಿಮ ತಾಲೀಮನ್ನು ವಿದ್ಯಾರ್ಥಿಗಳಿಗಾಗಿ ತೆರೆದಿದ್ದರು. ನಿರೂಪಕರಿಲ್ಲ, ಬಣ್ಣದ ದೀಪವಿಲ್ಲ, ಇಡೀ ಒಪೇರಾ. ಮೊದಲ ಅಂಕದ ಆರಂಭದಲ್ಲಿ ಗುಸುಗುಸು ಇತ್ತು, ಅಲ್ಲಲ್ಲಿ ಮೊಬೈಲು ಮಿನುಗುತ್ತಿತ್ತು. ಆಮೇಲೆ ಪತ್ರದ ದೃಶ್ಯ ಬಂತು. ಹಳ್ಳಿಯ ಹುಡುಗಿ ತತ್ಯಾನಾ ಒಮ್ಮೆ ಮಾತ್ರ ಕಂಡವನಿಗೆ ರಾತ್ರಿಯಿಡೀ ಕೂತು ಪತ್ರ ಬರೆಯುತ್ತಾಳೆ. ಬರೆಯುತ್ತಾಳೆ, ಹರಿಯುತ್ತಾಳೆ, ಮತ್ತೆ ಬರೆಯುತ್ತಾಳೆ. ಹತ್ತು ನಿಮಿಷಕ್ಕೂ ಹೆಚ್ಚು ಕಾಲ ರಂಗದ ಮೇಲೆ ಒಬ್ಬಳೇ ಹುಡುಗಿ ಮತ್ತು ಒಂದು ಹಾಳೆ. ನನ್ನ ಪಕ್ಕ ಹದಿನೇಳರ ಆಸುಪಾಸಿನ ಹುಡುಗನೊಬ್ಬನಿದ್ದ. ಅವನು ಮೊಬೈಲನ್ನು ಮೊಣಕಾಲ ಮೇಲೆ ಬೋರಲಾಗಿ ಇಟ್ಟದ್ದನ್ನು ನೋಡಿದೆ, ಮತ್ತೆ ಎತ್ತಲಿಲ್ಲ. ಬರೆದು ಅಳಿಸಿ ಕೊನೆಗೂ ಕಳಿಸಿಬಿಟ್ಟ ಸಂದೇಶದ ಸಂಕಟ ಯಾರಿಗೆ ಗೊತ್ತಿಲ್ಲ? ಅದನ್ನು ನಮಗೆ ‘ಹತ್ತಿರವಾಗಿಸಲು’ ತತ್ಯಾನಾಳ ಕೈಗೆ ಮೊಬೈಲು ಕೊಡಬೇಕಾಗಿಲ್ಲ.

ಒಪೇರಾ ಹಿರಿಯರ ಸೊತ್ತು ಎಂಬ ಭಾವನೆ ಬಂದದ್ದಾದರೂ ಎಲ್ಲಿಂದ? ಬರೆದವರ ವಯಸ್ಸು ನೋಡಿ. ರೊಸ್ಸೀನಿ ‘ಸೆವಿಲ್ಲೆಯ ಕ್ಷೌರಿಕ’ವನ್ನು ಕೆಲವೇ ವಾರಗಳಲ್ಲಿ ಬರೆದು 1816ರ ಫೆಬ್ರವರಿಯಲ್ಲಿ ರೋಮಿನಲ್ಲಿ ರಂಗಕ್ಕೆ ತಂದಾಗ ಅವನಿಗೆ ಇನ್ನೂ 24 ತುಂಬಿರಲಿಲ್ಲ. ಮೊದಲ ರಾತ್ರಿ ಜನ ಕೂಗಿ ಗೇಲಿ ಮಾಡಿದರು. ಮೊಜಾರ್ಟ್ ಮಿಲಾನಿಗೆ ‘ಮಿತ್ರಿದಾತೆ’ ಬರೆದುಕೊಟ್ಟದ್ದು 14ನೆಯ ವಯಸ್ಸಿನಲ್ಲಿ. 1896ರಲ್ಲಿ ಟ್ಯೂರಿನ್ನಿನಲ್ಲಿ ‘ಲಾ ಬೊಹೆಮ್’ ಮೊದಲ ಬಾರಿ ನಡೆದಾಗ ವಾದ್ಯವೃಂದವನ್ನು ನಡೆಸಿದ ತೊಸ್ಕಾನೀನಿಗೆ 28. ಆ ಕೃತಿಯ ಕಥೆಯಾದರೂ ಏನು? ಬಾಡಿಗೆ ಕಟ್ಟಲು ಕಾಸಿಲ್ಲದ ನಾಲ್ವರು ಗೆಳೆಯರು, ಚಳಿ ಕಾಯಿಸಲು ತನ್ನದೇ ನಾಟಕದ ಹಸ್ತಪ್ರತಿಯನ್ನು ಒಲೆಗೆ ಹಾಕುವ ಕವಿ, ಬಾಡಿಗೆ ಕೇಳಲು ಬಂದ ಮನೆಮಾಲೀಕನನ್ನು ಉಪಾಯದಿಂದ ಹೊರದಬ್ಬುವ ದೃಶ್ಯ. ಇದನ್ನು ನೋಡಿ ನಗಬೇಕಾದವರು, ಕೊನೆಗೆ ಅಳಬೇಕಾದವರು ನಾವು. ಆದರೆ ಎದುರಿನ ಸಾಲುಗಳ ಟಿಕೆಟಿನ ಬೆಲೆಯಲ್ಲಿ ಆ ಕವಿ ರೊದೋಲ್ಫೊ ತನ್ನ ಆ ತಿಂಗಳ ಬಾಡಿಗೆ ತೀರಿಸಿ ಸೌದೆಯನ್ನೂ ಕೊಳ್ಳಬಹುದಿತ್ತು.

ಆ ಕಾರಣಕ್ಕೆ ಆಸನಗಳ ವಿಷಯಕ್ಕೆ ಬರುತ್ತೇನೆ. ನನ್ನ ಮೊದಲ ಒಪೇರಾ ‘ಲಾ ತ್ರಾವಿಯಾತಾ’. ಆಸನ ಕಂಬದ ಹಿಂದೆ. ನಾಯಕಿ ವಿಯೊಲೆತ್ತಾಳ ಎಡಗೈ ಮತ್ತು ಅವಳ ಲಂಗದ ಅಂಚು ನನಗೆ ಚೆನ್ನಾಗಿ ಕಂಡವು. ಅನುವಾದದ ಸಾಲುಗಳು ಮೂಡುವ ಪರದೆ ಮೇಲಿನ ಬಾಲ್ಕನಿಯ ಅಂಚಿಗೆ ಮರೆಯಾಗಿತ್ತು. ವಿದ್ಯಾರ್ಥಿ ದರವೆಂದರೆ ಇದೇ. ಮಾರಾಟವಾಗದ ಮೂಲೆಗಳನ್ನು ಆರಿಸಿ ನಮಗೆ ಕೊಟ್ಟು, ಅದಕ್ಕೆ ‘ಯುವಜನರಿಗೆ ಮುಕ್ತದ್ವಾರ’ ಎಂದು ಹೆಸರಿಡುತ್ತೀರಿ. ಮೊದಲ ಸಲ ಬಂದವರಿಗೆ ಎಲ್ಲರಿಗಿಂತ ಕೆಟ್ಟ ನೋಟ ತೋರಿಸಿ ಎರಡನೆಯ ಸಲ ಬರುವರೆಂದು ಕಾಯುವುದು ಯಾವ ಲೆಕ್ಕಾಚಾರ? ನಾನು ಮತ್ತೆ ಬಂದದ್ದು ಆ ದನಿಯ ದೆಸೆಯಿಂದ. ನನ್ನ ಜೊತೆ ಬಂದಿದ್ದ ಮೂವರು ಮತ್ತೆ ಬರಲಿಲ್ಲ.

ಎಲ್ಲರೂ ಹೀಗೆ ಎನ್ನಲಾರೆ. ಮಿಲಾನಿನ ಒಪೇರಾ ಮಂದಿರ ಲಾ ಸ್ಕಾಲಾ ಪ್ರತಿವರ್ಷ ಡಿಸೆಂಬರ್ 7ರಂದು ಪ್ರದರ್ಶನಗಳ ಋತು ಆರಂಭಿಸುವ ಮೊದಲು 30ಕ್ಕಿಂತ ಕಿರಿಯರಿಗೆಂದೇ ಒಂದು ಪೂರ್ವಪ್ರದರ್ಶನ ಇಡುತ್ತದೆ. ಅದೇ ತಾರೆಯರು, ಅದೇ ವಾದ್ಯವೃಂದ, ಒಂದೂ ಸ್ವರ ಕಡಿಮೆಯಿಲ್ಲ. ಟಿಕೆಟ್‌ಗಳು ಕ್ಷಣದಲ್ಲಿ ಖಾಲಿಯಾಗುತ್ತವೆ. ಪ್ಯಾರಿಸ್ ಒಪೇರಾದಲ್ಲೂ ಯುವಜನರಿಗೆ ಕಡಿಮೆ ದರದಲ್ಲಿ ಪೂರ್ವಪ್ರದರ್ಶನಗಳಿವೆ. ಇಂಗ್ಲಿಷ್ ನ್ಯಾಷನಲ್ ಒಪೇರಾ 21ಕ್ಕಿಂತ ಕಿರಿಯರಿಗೆ ಉಚಿತ ಟಿಕೆಟ್ ಕೊಡುತ್ತದೆ. ವಿಯೆನ್ನಾದ ಸ್ಟೇಟ್ ಒಪೇರಾದಲ್ಲಿ ನಿಂತು ನೋಡುವ ಜಾಗಗಳಿವೆ. ಅವುಗಳಲ್ಲಿ ಕೆಲವು ನೆಲಮಟ್ಟದಲ್ಲಿ, ರಂಗಕ್ಕೆ ನೇರ ಎದುರಿಗೇ ಇವೆ. ಬಹುಕಾಲ ಅಲ್ಲಿ ಬಂದವರು ಕಂಬಿಗೆ ಒಂದು ಶಾಲು ಕಟ್ಟಿ ತಮ್ಮ ಜಾಗ ಗುರುತು ಮಾಡಿಕೊಳ್ಳುತ್ತಿದ್ದರು, ಅದನ್ನು ಯಾರೂ ಬಿಚ್ಚುತ್ತಿರಲಿಲ್ಲ. ದುಬಾರಿ ಆಸನಗಳ ನಡುವೆಯೇ ಅಗ್ಗದ ಜಾಗವನ್ನೂ ಇಡಬಹುದು ಎಂಬುದಕ್ಕೆ ಇಷ್ಟು ಹಳೆಯ, ಇಷ್ಟು ಸರಳವಾದ ಪುರಾವೆ ಇರುವಾಗ ನಿಮಗೆ ಹೊಸ ಸಮೀಕ್ಷೆ ಏಕೆ ಬೇಕು?

ಆದರೂ ಈ ವಯೋಮಿತಿಗಳಲ್ಲಿ ಒಂದು ತಮಾಷೆ ಅಡಗಿದೆ. 30 ತುಂಬುವ ಹಿಂದಿನ ರಾತ್ರಿಯವರೆಗೆ ನಾನು ನಿಮ್ಮ ಕಣ್ಣಿಗೆ ನಾಳಿನ ಪ್ರೇಕ್ಷಕಿ, ಕಲೆಯ ಭವಿಷ್ಯ. ಬೆಳಗಾದರೆ ಪೂರ್ಣ ದರದ ಗಿರಾಕಿ. ಸಂಬಳ ಮಾತ್ರ ಅದೇ ಇರುತ್ತದೆ. ಹತ್ತು ವರ್ಷ ಮುದ್ದಿನಿಂದ ಬೆಳೆಸಿದ ಪ್ರೇಕ್ಷಕರನ್ನು ಒಂದು ಹುಟ್ಟುಹಬ್ಬಕ್ಕೆ ಕಳೆದುಕೊಳ್ಳುವ ಈ ವ್ಯವಸ್ಥೆಯನ್ನು ರೂಪಿಸಿದವರಿಗೆ ವಯಸ್ಸಾಗಿರಲಿಲ್ಲವೇ?

ಮುಂದಿನ ದೂರು ಚಪ್ಪಾಳೆಯದು. ಅದೇ ಮೊದಲ ಸಂಜೆ, ಕಂಬದ ಹಿಂದಿನಿಂದ ನನ್ನ ಪಾಲಿಗೆ ಬಂದಷ್ಟೇ ವಿಯೊಲೆತ್ತಾಳನ್ನು ನೋಡುತ್ತ, ಒಂದು ಸ್ವರ ಕೇಳಿ ತಡೆಯಲಾರದೆ ಚಪ್ಪಾಳೆ ತಟ್ಟಿದೆ. ವಾದ್ಯವೃಂದ ಇನ್ನೂ ನುಡಿಸುತ್ತಿತ್ತಂತೆ. ಮುಂದಿನ ಸಾಲಿನ ಸಂಭಾವಿತರೊಬ್ಬರು ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ವಿರಾಮದಲ್ಲಿ ಸಿಬ್ಬಂದಿಯೂ ಬಂದು ಮೆಲ್ಲಗೆ ಬುದ್ಧಿ ಹೇಳಿದರು. ಆಮೇಲಿನ ಎರಡು ಅಂಕಗಳಲ್ಲಿ ನಾನು ಒಪೇರಾ ನೋಡಲಿಲ್ಲ; ಸುತ್ತಲಿನವರ ಕೈಗಳನ್ನು ನೋಡುತ್ತ ಕೂತೆ, ಅವರು ತಟ್ಟಿದರೆ ತಟ್ಟೋಣವೆಂದು.

ಈ ಶಿಸ್ತು ಒಪೇರಾದಷ್ಟೇ ಹಳೆಯದೆಂದು ಆಗ ನಂಬಿದ್ದೆ. ಆಮೇಲೆ ಓದಿ ತಿಳಿಯಿತು. ಟಿಕೆಟ್ ಕೊಂಡ ಯಾರು ಬೇಕಾದರೂ ಒಳಗೆ ಬರಬಹುದಾದ ಮೊದಲ ಒಪೇರಾ ಮಂದಿರ ವೆನಿಸ್ಸಿನ ಸಾನ್ ಕಸ್ಸಿಯಾನೊ. ಅದು ಬಾಗಿಲು ತೆರೆದದ್ದು 1637ರಲ್ಲಿ, ಕಾರ್ನಿವಲ್ ಹಬ್ಬದ ಗದ್ದಲದ ನಡುವೆ. ಮುಂದೆ ಬಹುಕಾಲ ಪ್ರೇಕ್ಷಾಗೃಹದ ದೀಪ ಆರಿಸುವ ಪದ್ಧತಿಯೇ ಇರಲಿಲ್ಲ. ಜನ ಮಾತಾಡುತ್ತಿದ್ದರು, ತಡವಾಗಿ ಬರುತ್ತಿದ್ದರು, ಇಷ್ಟವಾದ ಹಾಡನ್ನು ಮತ್ತೆ ಹಾಡಿಸುತ್ತಿದ್ದರು. 1786ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಮೊಜಾರ್ಟನ ‘ಫಿಗಾರೊನ ಮದುವೆ’ಗೆ ‘ಮತ್ತೊಮ್ಮೆ’ ಎಂಬ ಕೂಗು ಎಷ್ಟಾಯಿತೆಂದರೆ, ಒಬ್ಬರೇ ಹಾಡುವ ಹಾಡನ್ನು ಬಿಟ್ಟು ಬೇರಾವುದನ್ನೂ ಮತ್ತೆ ಹಾಡಿಸಕೂಡದೆಂದು ಚಕ್ರವರ್ತಿ ಎರಡನೆಯ ಜೋಸೆಫ್ ಆಜ್ಞೆ ಹೊರಡಿಸಬೇಕಾಯಿತು. ಕತ್ತಲೆ ಮತ್ತು ಮೌನ ಬಹುಮಟ್ಟಿಗೆ ವಾಗ್ನರನ ಕಾಲದಿಂದ ಈಚಿನ ರೂಢಿ. ಆ ಮೌನವನ್ನು ನಾನೂ ಪ್ರೀತಿಸುತ್ತೇನೆ, ತತ್ಯಾನಾಳ ಹಾಳೆಯ ಮುಂದೆ ಅದು ಬೇಕೇ ಬೇಕು. ಆದರೆ ಮನಸ್ಸು ತುಂಬಿ ಎರಡು ಕ್ಷಣ ಮೊದಲೇ ತಟ್ಟಿದ ಕೈಯನ್ನು ಅಪರಾಧವೆಂಬಂತೆ ನೋಡುವ ಅಧಿಕಾರ ಯಾರು ಕೊಟ್ಟರು?

ಇಷ್ಟು ಹೇಳಿ ನಿಲ್ಲಿಸಿದರೆ ಬರೀ ಟಿಕೆಟು-ಚಪ್ಪಾಳೆಗಳ ಜಗಳವಾದೀತು. ಕಿರಿಯರು ಒಪೇರಾದ ಎದುರು ತಡವರಿಸುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ನಿಮ್ಮ ಪ್ರಶ್ನಾವಳಿ ಕೇಳುವುದೇ ಇಲ್ಲ. ‘ಮದಾಮ ಬಟರ್‌ಫ್ಲೈ’ನ ವಧುವಿಗೆ ವಯಸ್ಸು ಹದಿನೈದು. ಬಿಟ್ಟುಹೋಗುವ ಉದ್ದೇಶದಿಂದಲೇ ಅವಳನ್ನು ಮದುವೆಯಾಗುವ ನೌಕಾಪಡೆಯ ಅಧಿಕಾರಿಗೆ ಸಂಯೋಜಕ ಪುಚ್ಚೀನಿ ಕೊಟ್ಟಿರುವ ಸಂಗೀತ ಮೋಹಕವಾಗಿದೆ. ಸಂಯೋಜಕ ಬಿಝೆಯ ‘ಕಾರ್ಮೆನ್’ನಲ್ಲಿ ನಾಯಕಿ ಕಾರ್ಮೆನ್ ಹಳೆಯ ಪ್ರಿಯಕರ ದೊನ್ ಹೊಸೆಗೆ ‘ಇಲ್ಲ’ ಎಂದದ್ದಕ್ಕೆ ಅವಳಿಗೆ ಚೂರಿ ಬೀಳುತ್ತದೆ. ಇಂಥ ಸಾವುಗಳನ್ನು ನಾವು ದಿನವೂ ಸುದ್ದಿಯಲ್ಲಿ ಓದುತ್ತೇವೆ. ಅದೇ ಸಾವಿಗೆ ಇಲ್ಲಿ ಎದ್ದುನಿಂತು ಹೂ ಎರಚುವಾಗ ನನ್ನ ವಯಸ್ಸಿನ ಹುಡುಗಿಯರಿಗೆ ಮೈ ಮುದುಡುತ್ತದೆ. ಇದು ಕಲೆ ತಿಳಿಯದವರ ಮುಜುಗರವೆಂದು ತಳ್ಳಿಹಾಕಬೇಡಿ. ಕಥೆಯನ್ನು ಗಂಭೀರವಾಗಿ ತೆಗೆದುಕೊಂಡವರಿಗೆ ಮಾತ್ರ ಆಗುವ ಕಸಿವಿಸಿ ಇದು.

ಹಾಗೆಂದು ಕಥೆಯನ್ನೇ ತಿದ್ದಿ ನಮ್ಮನ್ನು ಸಮಾಧಾನಪಡಿಸಲು ಹೊರಡುವುದೂ ಬೇಡ. 2018ರಲ್ಲಿ ಫ್ಲಾರೆನ್ಸಿನಲ್ಲಿ ಹೊಸ ಕಾರ್ಮೆನ್ ಒಂದು ಬಂತು. ಅದರಲ್ಲಿ ಕೊನೆಗೆ ಕಾರ್ಮೆನ್ನೇ ಪಿಸ್ತೂಲು ಎತ್ತಿ ದೊನ್ ಹೊಸೆಯನ್ನು ಕೊಲ್ಲಬೇಕು. ಮೊದಲ ಪ್ರದರ್ಶನದಂದು ಪಿಸ್ತೂಲು ಸಿಡಿಯಲೇ ಇಲ್ಲ. ಬಿಝೆ ಸಾಯುವ ಮೂರು ತಿಂಗಳ ಮುಂಚೆ, 1875ರಲ್ಲಿ, ಪ್ಯಾರಿಸ್ಸಿನ ಒಪೇರಾ ಕೊಮೀಕ್‌ನ ಕುಟುಂಬಸ್ಥ ಪ್ರೇಕ್ಷಕರ ಎದುರಿಗೆ ಆ ಕೊಲೆಯನ್ನು ತಂದಿಟ್ಟಾಗ ಅವರು ಬೆಚ್ಚಿಬಿದ್ದರು. ಬೆಚ್ಚುವುದೇ ಸರಿಯಾದ ಪ್ರತಿಕ್ರಿಯೆ. ಅದನ್ನು ನಮ್ಮಿಂದ ಕಿತ್ತುಕೊಳ್ಳಬೇಡಿ. ಪರದೆ ಬಿದ್ದ ಮೇಲೆ ಅರ್ಧ ಗಂಟೆ ದೀಪ ಉರಿಯಲಿ, ನಿರ್ದೇಶಕರೂ ಗಾಯಕರೂ ನಮ್ಮ ಪ್ರಶ್ನೆಗಳ ಎದುರು ಕೂರಲಿ, ಅಷ್ಟೇ ಸಾಕು. ಪ್ರದರ್ಶನಕ್ಕೆ ಮುಂಚಿನ ನಿಮ್ಮ ಪರಿಚಯ ಭಾಷಣಗಳಿಗಿಂತ ಅದಕ್ಕೆ ಹೆಚ್ಚು ಜನ ಉಳಿಯುತ್ತಾರೆ ಎಂದು ನನ್ನ ಊಹೆ.

ಮತ್ತು ಹೊಸ ಕೃತಿಗಳನ್ನು ಕೊಡಿ. ಸಂಯೋಜಕಿ ಕಾಯಾ ಸಾರಿಯಾಹೊ ಅವರ ‘ಇನೊಸೆನ್ಸ್’ 2021ರಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಉತ್ಸವದಲ್ಲಿ ಮೊದಲು ನಡೆಯಿತು. ಶಾಲೆಯೊಂದರಲ್ಲಿ ನಡೆದ ಗುಂಡಿನ ದಾಳಿ, ಹತ್ತು ವರ್ಷಗಳಾದ ಮೇಲೆ ಒಂದು ಮದುವೆಯ ಮನೆಯಲ್ಲಿ ಅದರ ನೆನಪು ಬಿಚ್ಚಿಕೊಳ್ಳುವ ಬಗೆ ಅದರ ವಸ್ತು. ನನ್ನ ಗೆಳೆಯನೊಬ್ಬ ಅದರ ವಿಡಿಯೊ ಮುದ್ರಣ ನೋಡಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವನು ಯಾವ ಯುವ ಸಂಜೆಗೂ ಹೋದವನಲ್ಲ. ಇಂಥ ಕೃತಿ ನಿಮ್ಮ ವಾರ್ಷಿಕ ಪಟ್ಟಿಯಲ್ಲಿದ್ದರೂ ಸಾಮಾನ್ಯವಾಗಿ ಅದಕ್ಕೆ ಸಿಗುವುದು ಮೂರೋ ನಾಲ್ಕೋ ಸಂಜೆ. ಅದರ ಸುದ್ದಿ ನಮ್ಮ ಕಿವಿಗೆ ಬೀಳುವಷ್ಟರಲ್ಲಿ ರಂಗಸಜ್ಜಿಕೆ ಬಿಚ್ಚಿ ಆಗಿರುತ್ತದೆ.

ಬದಲಾವಣೆಯೇ ಬೇಡವೆನ್ನುವವಳಲ್ಲ ನಾನು. ರಂಗದ ಮೇಲ್ಗಡೆ ಅನುವಾದದ ಸಾಲುಗಳನ್ನು ಮೂಡಿಸುವ ಪದ್ಧತಿ ಶುರುವಾದದ್ದು 1983ರಲ್ಲಿ, ಟೊರಾಂಟೊದ ಕೆನೇಡಿಯನ್ ಒಪೇರಾ ಕಂಪನಿ ‘ಎಲೆಕ್ಟ್ರಾ’ ಆಡಿದಾಗ. ಕಣ್ಣು ಅಕ್ಷರದ ಮೇಲಿದ್ದರೆ ಕಿವಿ ಕೆಡುತ್ತದೆಂದು ಆಗ ಮೂಗು ಮುರಿದವರಿದ್ದರು. ಇಂದು ಅದಿಲ್ಲದ ರಂಗಮಂದಿರ ಸಿಗುವುದು ಕಷ್ಟ. ಅದು ಕೃತಿಯ ಒಂದು ಸ್ವರವನ್ನೂ ಮುಟ್ಟಲಿಲ್ಲ, ಕಿವುಡಾಗಿದ್ದ ಅರ್ಧ ಪ್ರೇಕ್ಷಾಗೃಹಕ್ಕೆ ಮಾತು ಕೇಳಿಸಿತು. ನಿಮ್ಮ ಮುಂದಿನ ಯೋಜನೆಯನ್ನು ಮಂಜೂರು ಮಾಡುವಾಗ ಇದೊಂದು ಅಳತೆಗೋಲು ಇಟ್ಟುಕೊಳ್ಳಿ ಎಂದು ಬೇಡುತ್ತೇನೆ.

ಹಾಗಾಗಿ ನನ್ನ ಕೋರಿಕೆಗಳು ದೊಡ್ಡವೇನಲ್ಲ. ತುಣುಕುಗಳ ಸಂಜೆಗೆ ಖರ್ಚಾಗುವ ಹಣದಲ್ಲಿ ವರ್ಷಕ್ಕೆ ಮೂರು ಪೂರ್ಣ ತಾಲೀಮುಗಳನ್ನು ವಿದ್ಯಾರ್ಥಿಗಳಿಗೆ ತೆರೆಯಿರಿ. ಮೈಕ್ ಬೇಡ. ಪ್ರತಿ ಪ್ರದರ್ಶನದಲ್ಲೂ ಎದುರಿನಿಂದ ಚೆನ್ನಾಗಿ ಕಾಣುವ ಇಪ್ಪತ್ತು ಆಸನಗಳನ್ನಾದರೂ ಮೊದಲ ಬಾರಿಗೆ ಬರುವವರಿಗೆ ಕಡಿಮೆ ದರದಲ್ಲಿ ಮೀಸಲಿಡಿ. ಮೊದಲ ಬಾರಿ ಬರುವವರು ಐವತ್ತು ವರ್ಷದವರಾಗಿದ್ದರೂ ಸರಿಯೇ. 30ರ ಗೆರೆಯನ್ನು ಅಳಿಸಿ, ದರ ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ಮಾಡಿ. ಚಪ್ಪಾಳೆಯ ವಿಷಯದಲ್ಲಿ ಸಿಬ್ಬಂದಿಗೆ ಬೇರೆ ಸೂಚನೆ ಕೊಡಿ. ಕೃತಿಗಳನ್ನು ಆರಿಸುವ ಸಮಿತಿಯಲ್ಲಿ 30ರ ಒಳಗಿನ ಇಬ್ಬರಿಗೆ ಮತಾಧಿಕಾರವಿರುವ ಜಾಗ ಕೊಡಿ. ಸಲಹಾ ಸಮಿತಿಯಲ್ಲಿ ಕೂರಿಸಿ ಫೋಟೊ ತೆಗೆಸುವುದಷ್ಟೇ ಆದರೆ ಅದೂ ಬೇಡ.

ನಿಮ್ಮ ಕಷ್ಟ ತಿಳಿಯದವಳೂ ಅಲ್ಲ. ವಾದ್ಯವೃಂದ, ಗಾಯನವೃಂದ, ರಂಗಸಜ್ಜಿಕೆ, ವಸ್ತ್ರ, ದೀಪ ಎಂದು ಒಂದು ಸಂಜೆಗೆ ನೂರಾರು ಜನರ ದುಡಿಮೆ ಬೇಕಾಗುವ ಕಲೆ ಇದು; ಟಿಕೆಟಿನ ಹಣವೊಂದರಿಂದಲೇ ನಡೆಯುವುದಿಲ್ಲ. ಅನುದಾನ ಕೊಡುವವರಿಗೆ ‘ಯುವಜನರಿಗಾಗಿ ಏನು ಮಾಡಿದ್ದೀರಿ’ ಎಂಬ ಅಂಕಣ ತುಂಬಿಸಿ ಕೊಡಬೇಕಾದ ಒತ್ತಡ ನಿಮ್ಮ ಮೇಲಿದೆ. ಭಿತ್ತಿಪತ್ರದ ಜೀನ್ಸು ಬಂದದ್ದು ಅಲ್ಲಿಂದಲೇ ಎಂದು ಬಲ್ಲೆ. ಆದರೆ ಆ ಅಂಕಣ ತುಂಬುವ ಭರದಲ್ಲಿ ನಮ್ಮ ಎದುರು ನಿಮ್ಮ ಕಲೆಯ ಪರವಾಗಿ ನೀವೇ ಕ್ಷಮೆ ಕೇಳುತ್ತಿದ್ದೀರಿ. ತನ್ನ ಬಗ್ಗೆ ತಾನೇ ನಾಚಿಕೊಳ್ಳುವವರನ್ನು ಹೇಗೆ ನಂಬುವುದು ಹೇಳಿ.

ಪ್ರಶ್ನಾವಳಿಯನ್ನು ಈ ಪತ್ರದೊಂದಿಗೆ ಹಿಂದಿರುಗಿಸುತ್ತಿದ್ದೇನೆ. ವಯಸ್ಸು, ಉದ್ಯೋಗ ತುಂಬಿದ್ದೇನೆ. ಮೂರನೆಯ ಪ್ರಶ್ನೆಯನ್ನು ಹೊಡೆದುಹಾಕಿ ಅದರ ಕೆಳಗೆ ಬೇರೆ ಪ್ರಶ್ನೆ ಬರೆದಿದ್ದೇನೆ: ಮುಂದಿನ ತಿಂಗಳ ‘ಒನೇಗಿನ್’ ತಾಲೀಮು ತೆರೆದಿರುತ್ತದೆಯೇ? ಆ ಗೆಳತಿಯನ್ನು ಇನ್ನೊಮ್ಮೆ ಕರೆತರಬೇಕೆಂದಿದ್ದೇನೆ. ಬರಲು ಒಪ್ಪಿದ್ದಾಳೆ, ಆದರೆ ಕಂಬದ ಹಿಂದೆ ಕೂರುವುದಿಲ್ಲವಂತೆ.

ಗೌರವಪೂರ್ವಕವಾಗಿ,
ಮೂರನೆಯ ಬಾಲ್ಕನಿಯ ಕೊನೆಯ ಸಾಲಿನ ಒಬ್ಬ ಪ್ರೇಕ್ಷಕಿ